ವಿಕಿರಣ ‘ನಿರೋಧಕ’ವೋ, ‘ಸಹಿಷ್ಣು’ವೋ?

ಎಲ್ಲರಿಗೂ ನಮಸ್ಕಾರ.

ಡೀನೊಕಾಕಸ್ ರೇಡಿಯೊಡ್ಯೂರನ್ಸ್ ಎಂಬ ಬ್ಯಾಕ್ಟೀರಿಯಾದ ಬಗ್ಗೆ ಪ್ರೌಢಶಾಲೆಯ ಮಕ್ಕಳಿಗಾಗಿ ಬರೆಯುತ್ತಿದ್ದೇನೆ. ‘ರೇಡಿಯೊರೆಸಿಸ್ಟೆಂಟ್’ ಎನ್ನುವುದಕ್ಕೆ ‘ವಿಕಿರಣ ನಿರೋಧಕ’ ಎಂದು ಹಾಕಿಬಿಡುವುದು ಸುಲಭ. ಆದರೆ ಜಲನಿರೋಧಕ ಎಂದರೆ ನೀರನ್ನು ಒಳಗೆ ಬಿಡದ್ದು. ಈ ಜೀವಿ ಗಾಮಾ ಕಿರಣವನ್ನು (ಅದೂ ಒಂದು ಬಗೆಯ ವಿಕಿರಣ) ಹೊರಗೇ ನಿಲ್ಲಿಸುವುದಿಲ್ಲವಲ್ಲ, ಒಳಗೆ ಬಿಟ್ಟುಕೊಂಡೂ ಬದುಕುತ್ತದೆ!

ಇದು ಪತ್ತೆಯಾದದ್ದು 1956ರಲ್ಲಿ, ಅಮೆರಿಕದ ಆರಿಗನ್‌ನಲ್ಲಿ. ಗಾಮಾ ಕಿರಣ ಹಾಯಿಸಿದ ಮೇಲೂ ಕೆಟ್ಟ ಡಬ್ಬಿ ಮಾಂಸದಲ್ಲಿ ಆರ್ಥರ್ ಆಂಡರ್ಸನ್ ಇದನ್ನು ಕಂಡರು. ಮೈಯೆಲ್ಲ 5 ಗ್ರೇ (ಮೈ ಹೀರಿಕೊಂಡ ವಿಕಿರಣವನ್ನು ಅಳೆಯುವ ಮಾನ) ವಿಕಿರಣ ಬಿದ್ದರೆ ಮನುಷ್ಯನ ಪ್ರಾಣಕ್ಕೇ ಸಂಚಕಾರ. ಇದು 5000 ಗ್ರೇಗೂ ಜಗ್ಗುವುದಿಲ್ಲ. ಏಟೇನೋ ಬೀಳುತ್ತದೆ, ಡಿಎನ್‌ಎ ನೂರಾರು ಚೂರಾಗುತ್ತದೆ. ಆದರೆ ಪ್ರತಿ ಕೋಶದಲ್ಲೂ ಜೀನೋಮಿನ, ಅಂದರೆ ಇಡೀ ಡಿಎನ್‌ಎಯ, ಹಲವು ಪ್ರತಿಗಳಿರುವುದರಿಂದ ಒಂದರಲ್ಲಿ ತುಂಡಾದ ಜಾಗ ಇನ್ನೊಂದರಲ್ಲಿ ಇಡಿಯಾಗಿ ಉಳಿದಿರುತ್ತದೆ. ಅದನ್ನು ನೋಡಿಕೊಂಡು ಕೆಲವೇ ಗಂಟೆಗಳಲ್ಲಿ ಚೂರುಗಳನ್ನು ಮೊದಲಿದ್ದ ಕ್ರಮದಲ್ಲೇ ಬೆಸೆದುಕೊಳ್ಳುತ್ತದೆ.

ಹಾಗಾಗಿ ನನ್ನ ಒಲವು ‘ವಿಕಿರಣ ಸಹಿಷ್ಣು’ವಿನ ಕಡೆಗೆ. ಕೃಷಿ ಬರಹಗಳಲ್ಲಿ ‘ರೋಗ ನಿರೋಧಕ ತಳಿ’ ಬೇರೆ, ‘ಬರ ಸಹಿಷ್ಣು ತಳಿ’ ಬೇರೆ. ಬರದ ನಂಟು ಇಲ್ಲಿ ಬರೀ ಹೋಲಿಕೆಯದ್ದೂ ಅಲ್ಲ. ವಿಕಿರಣಕ್ಕೆ ಸೋಲುವ ಇದರ ಮ್ಯುಟೆಂಟ್‌ಗಳು (ಜೀನ್ ಬದಲಾದ ತಳಿಗಳು) ಒಣಗಿಸಿದರೂ ಸಾಯುತ್ತವೆಂದು 1996ರಲ್ಲಿ ಮ್ಯಾಟಿಮೋರ್ ಮತ್ತು ಬ್ಯಾಟಿಸ್ಟಾ ಎಂಬ ವಿಜ್ಞಾನಿಗಳು ತೋರಿಸಿದರು. ಒಣಗಿದಾಗಲೂ ಡಿಎನ್‌ಎ ತುಂಡಾಗುತ್ತದೆ. ನೀರಿಲ್ಲದೆ ಬದುಕಲು ಕಲಿತ ವಿದ್ಯೆಯೇ ವಿಕಿರಣಕ್ಕೂ ಒದಗಿರಬೇಕು ಎನ್ನುವುದು ಅವರ ವಾದ. ಭೂಮಿಯ ಮೇಲೆ ಅಷ್ಟು ವಿಕಿರಣ ಸಹಜವಾಗಿ ಎಲ್ಲಿದೆ ಹೇಳಿ?

ಒಂದು ತೊಡಕಿದೆ. ಇದರ ಕೋಶದಲ್ಲಿ ಮ್ಯಾಂಗನೀಸ್ ಎಂಬ ಲೋಹ ಹೆಚ್ಚು. ಅದು ಸಣ್ಣ ಅಣುಗಳ ಜೊತೆ ಸೇರಿ, ವಿಕಿರಣದಿಂದ ಹುಟ್ಟುವ ಆಕ್ಸಿಡೀಕಾರಕಗಳಿಂದ ಪ್ರೋಟೀನುಗಳನ್ನು ಕಾಯುತ್ತದೆ. ರಿಪೇರಿ ಮಾಡುವ ಪ್ರೋಟೀನುಗಳೇ ಹಾಳಾದರೆ ಡಿಎನ್‌ಎ ಬೆಸೆಯುವವರು ಯಾರು? ಇದನ್ನು ಮಾತ್ರ ‘ನಿರೋಧ’ ಎಂದರೆ ತಪ್ಪಾಗದು. ‘ಸಹಿಷ್ಣು’ ಎಂದರೆ ಸುಮ್ಮನೆ ಸಹಿಸಿಕೊಂಡು ಕೂತಂತೆ ಕೇಳಿಸುತ್ತದೆ ಎಂಬ ಆಕ್ಷೇಪವೂ ಬರಬಹುದು.

‘ಕಳ್ಳನನ್ನು ತಡೆ’, ‘ಚಳಿ ತಡೆಯಲಾರೆ’: ನಮ್ಮ ‘ತಡೆ’ಗೆ ಎರಡು ಅರ್ಥವೂ ಇದೆ. ಹಾಗಾದರೆ ‘ವಿಕಿರಣ ತಡೆಯುವ’ ಎನ್ನಬಹುದೇ? ಮಕ್ಕಳು ವಿಕಿರಣವನ್ನು ಹೊರಗೇ ನಿಲ್ಲಿಸುವ ಸೀಸದ ಗೋಡೆಯನ್ನು ನೆನೆದಾರು ಎಂಬ ಅಳುಕು ನನಗೆ. ‘ವಿಕಿರಣ ತಾಳಿಕೆ’ ಎಂಬುದನ್ನು ಯಾರಾದರೂ ಬಳಸಿದ್ದೀರಾ? ಅದರಿಂದ ವಿಶೇಷಣ ಮಾಡುವುದಾದರೆ ‘ವಿಕಿರಣತಾಳಿ’ ಎನ್ನುವುದೋ, ‘ವಿಕಿರಣ ತಾಳುವ’ ಎಂದೇ ಬಿಡುವುದೋ?