ಸಹಾಯ ಬೇಕು: ಪಿಸಿಓಎಸ್ ಜೊತೆಗೆ ಹಾರ್ಟ್, ಶುಗರ್ ಕೂಡ ನೋಡುವ ಡಾಕ್ಟರ್ ತುಮಕೂರಲ್ಲಿ ಯಾರಿದ್ದಾರೆ?

ಎಲ್ಲರಿಗೂ ನಮಸ್ಕಾರ. ನನಗೆ 31 ವರ್ಷ, ಕ್ಯಾತ್ಸಂದ್ರದಲ್ಲಿದ್ದೇನೆ. ಪಿಸಿಓಎಸ್ (ಹೆಂಗಸರ ಹಾರ್ಮೋನ್ ಏರುಪೇರಿನ ತೊಂದರೆ) ಅಂತ ಗೊತ್ತಾಗಿ ಆರು ವರ್ಷ ಆಯಿತು. ಹೋದ ಕಡೆಯೆಲ್ಲ ಮುಟ್ಟಿನ ಮಾತ್ರೆ ಕೊಟ್ಟು, "ತೂಕ ಇಳಿಸಮ್ಮ" ಅಂತ ಕಳಿಸಿದರು, ಅಷ್ಟೇ. ಬಿಪಿ ಕೂಡ ನೋಡಲಿಲ್ಲ.

ಕತ್ತಿನ ಹಿಂದೆ ಕಪ್ಪಾಗಿದೆ. ಅಮ್ಮ ಕೊಳೆ ಅಂದುಕೊಂಡು ಕಡಲೆಹಿಟ್ಟು ಹಚ್ಚಿ ಉಜ್ಜಿದ್ದೇ ಉಜ್ಜಿದ್ದು! ಇನ್ಸುಲಿನ್ ಸರಿಯಾಗಿ ಕೆಲಸ ಮಾಡದಿದ್ದರೆ ಹಾಗಾಗುತ್ತದಂತೆ. ಹೋದ ವಾರ ನಾನೇ ಲ್ಯಾಬಿಗೆ ಹೋಗಿ ರಕ್ತ ಕೊಟ್ಟು ಬಂದೆ. ಎಚ್‌ಬಿಎ1ಸಿ (ಎರಡು-ಮೂರು ತಿಂಗಳ ಸರಾಸರಿ ಶುಗರ್) 6.1, ಅಂದರೆ ಶುಗರ್ ಹೊಸ್ತಿಲಲ್ಲೇ ನಿಂತಿದೆ. ಟ್ರೈಗ್ಲಿಸರೈಡ್ (ರಕ್ತದಲ್ಲಿನ ಕೊಬ್ಬು) 210, ಅದೂ ಜಾಸ್ತಿನೇ. ಅಪ್ಪನಿಗೆ 52ಕ್ಕೇ ಹಾರ್ಟ್ ಅಟ್ಯಾಕ್ ಆಗಿತ್ತು, ಅದಕ್ಕೇ ಭಯ ಜಾಸ್ತಿ.

2023ರ ಅಂತರರಾಷ್ಟ್ರೀಯ ಮಾರ್ಗಸೂಚಿ ಓದಿದೆ. ಪಿಸಿಓಎಸ್ ಇರುವವರು ಸಣ್ಣಗಿದ್ದರೂ ಶುಗರ್, ಕೊಲೆಸ್ಟ್ರಾಲ್ ನೋಡಿಸಬೇಕು, ವರ್ಷಕ್ಕೊಮ್ಮೆ ಬಿಪಿ ನೋಡಿಸಬೇಕು ಅಂತಿದೆ. ಶುಗರ್‌ಗೆ 75 ಗ್ರಾಂ ಗ್ಲೂಕೋಸ್ ಕುಡಿದು ಮಾಡಿಸುವ ಟೆಸ್ಟ್ ಒಳ್ಳೆಯದಂತೆ. ಇದನ್ನು ಮೊದಲೇ ಹೇಳಬಹುದಿತ್ತು ಅಲ್ವಾ?

ಇದೆಲ್ಲ ಒಟ್ಟಿಗೆ ನೋಡುವ ಡಾಕ್ಟರ್ ತುಮಕೂರಲ್ಲೇ ಇದ್ದರೆ ಹೇಳಿ. ಬೆಂಗಳೂರಿಗೆ ಓಡಾಡಲು ರಜೆ ಸಿಗಲ್ಲ. ಗ್ಲೂಕೋಸ್ ಟೆಸ್ಟ್‌ಗೆ ಎರಡು ಗಂಟೆ ಕೂರಬೇಕು, ಬೆಳಗ್ಗೆ ಬೇಗ ತೆರೆಯುವ ಲ್ಯಾಬ್ ಯಾವುದು? ಮುದ್ದೆ ಎಷ್ಟು ತಿನ್ನುತ್ತೀರಿ ಅಂತಲೂ ಅನುಭವ ಇದ್ದವರು ತಿಳಿಸಿ. ಮೆಂತ್ಯದ ನೀರು ಮಾತ್ರ ಹೇಳಬೇಡಿ, ಕುಡಿದು ಕುಡಿದು ಸಾಕಾಗಿದೆ.