ಸಂಬಳ ನನ್ನದು, ಕಾರ್ಡ್ ಅವರ ಜೇಬಿನಲ್ಲಿ

ಕಳೆದ ವಾರದ ಸಮಸ್ಯೆ: ನನಗೆ 36 ವರ್ಷ. ಖಾಸಗಿ ಶಾಲೆಯಲ್ಲಿ ಟೀಚರ್, ಸಂಬಳ 28 ಸಾವಿರ. ಮದುವೆಯಾದಾಗಿನಿಂದ ಎಟಿಎಂ ಕಾರ್ಡ್ ಗಂಡನ ಹತ್ತಿರವೇ ಇದೆ, ಬ್ಯಾಂಕಿನ ಮೆಸೇಜೂ ಅವರ ಫೋನಿಗೇ ಬರುತ್ತದೆ. ಈಗ ಅಂಗಡಿಗಾಗಿ ನನ್ನ ಹೆಸರಲ್ಲಿ 6 ಲಕ್ಷ ಸಾಲ ತೆಗೆಯೋಣ, ನೀನು ಸೈನ್ ಹಾಕಿದರೆ ಸಾಕು, ಕಂತು ನಾನು ಕಟ್ಟುತ್ತೇನೆ ಅನ್ನುತ್ತಿದ್ದಾರೆ. ಅವರು ಕೆಟ್ಟವರಲ್ಲ. ಆದರೂ ಭಯ. ಬೇಡ ಅಂದರೆ ಜಗಳ. ಏನು ಮಾಡಲಿ?

ನೋಡಮ್ಮಾ, ನೀನು ನನ್ನ ಮಗಳ ವಯಸ್ಸಿನವಳು, ಅದಕ್ಕೇ ಏಕವಚನದಲ್ಲಿ ಬರೆಯುತ್ತೇನೆ. 31 ವರ್ಷ ಬ್ಯಾಂಕಿನಲ್ಲಿದ್ದವಳು ನಾನು. ಸದ್ಯ ಯಾವ ಕಾಗದಕ್ಕೂ ಸೈನ್ ಹಾಕಬೇಡ. ಕಂತು ಯಾರು ಕಟ್ಟುತ್ತಾರೆ ಅನ್ನುವುದು ನಿಮ್ಮ ಮನೆಯ ಮಾತು. ಬ್ಯಾಂಕು ನೋಡುವುದು ಸಾಲ ಯಾರ ಹೆಸರಲ್ಲಿದೆ ಅಂತ ಮಾತ್ರ. ಕಂತು ತಪ್ಪಿದರೆ ಫೋನ್ ಬರುವುದು ನಿನಗೆ, ಸಾಲ ಸರಿಯಾಗಿ ಕಟ್ಟುತ್ತೀಯಾ ಅಂತ ಬ್ಯಾಂಕುಗಳು ನೋಡುವ ಅಂಕ, ಅಂದರೆ ಸಿಬಿಲ್ ಸ್ಕೋರ್, ಬೀಳುವುದು ನಿನ್ನದು, ನಾಳೆ ಮಕ್ಕಳ ಓದಿಗೆ ಸಾಲ ಕೇಳಲು ಹೋದಾಗ ಇಲ್ಲ ಅನ್ನಿಸಿಕೊಳ್ಳುವವಳೂ ನೀನೇ. ಲೆಕ್ಕ ಹಾಕಿ ನೋಡು. 6 ಲಕ್ಷಕ್ಕೆ ಶೇ 14 ಬಡ್ಡಿ, 5 ವರ್ಷ ಅಂದರೆ ತಿಂಗಳಿಗೆ ಹತ್ತಿರ ಹತ್ತಿರ 14 ಸಾವಿರ ಕಂತು. ನಿನ್ನ ಸಂಬಳದಲ್ಲಿ ಅರ್ಧ! ತೀರುವಷ್ಟರಲ್ಲಿ ಕಟ್ಟಿರುವುದು 8 ಲಕ್ಷ 37 ಸಾವಿರ. ಇದನ್ನು ಒಂದು ಹಾಳೆಯಲ್ಲಿ ಬರೆದು ಗಂಡನ ಮುಂದಿಡು, ಅಂಗಡಿಯಿಂದ ತಿಂಗಳಿಗೆ ಅಷ್ಟು ಹುಟ್ಟುತ್ತಾ ಅಂತ ಕೇಳು. ವ್ಯಾಪಾರಕ್ಕೆ ಇಳಿಯುವವರು ಯಾರೇ ಆದರೂ ಕೇಳಿಕೊಳ್ಳಬೇಕಾದ ಪ್ರಶ್ನೆ ಅಲ್ವಾ?

ಆಮೇಲೆ ಆಧಾರ್, ಪಾಸ್‌ಬುಕ್ ತೆಗೆದುಕೊಂಡು ಬ್ಯಾಂಕಿಗೆ ಹೋಗಿ ಖಾತೆಗೆ ನಿನ್ನ ಮೊಬೈಲ್ ನಂಬರ್ ಹಾಕಿಸು. ಒಟಿಪಿ ಯಾರ ಫೋನಿಗೆ ಬರುತ್ತದೋ ದುಡ್ಡು ಅವರ ಕೈಯಲ್ಲಿದೆ ಅಂತಲೇ ಅರ್ಥ. ಎಂಟ್ರಿ ಹಾಕಿಸಿಕೊಂಡು ಬಂದು ಒಂದೊಂದೇ ಸಾಲು ಓದು. ತೋರಿಸಿದ ಕಡೆ ಸೈನ್ ಹಾಕಿ, ಪಾಸ್‌ಬುಕ್ ಒಮ್ಮೆಯೂ ತೆರೆದು ನೋಡದ ಎಷ್ಟೋ ಹೆಂಗಸರನ್ನು ಕೌಂಟರಿನಲ್ಲಿ ಕಂಡಿದ್ದೇನೆ. ಓದಿದವರೂ ಇದ್ದರು.
— ನಿವೃತ್ತ ಬ್ಯಾಂಕ್ ಉದ್ಯೋಗಿ, ತುಮಕೂರು

ನಾನೂ ಹೆಂಡತಿಯ ಕಾರ್ಡ್ ಇಟ್ಟುಕೊಂಡಿದ್ದವನೇ. ಕಸಿದುಕೊಂಡಿರಲಿಲ್ಲ ರೀ, ಅವಳೇ ಕೊಟ್ಟಿದ್ದಳು, ನಾನೂ ಸುಮ್ನೆ ಇಟ್ಟುಕೊಂಡೆ. 2019ರಲ್ಲಿ ಬೈಕಿನಿಂದ ಬಿದ್ದು ಎರಡು ದಿನ ನನಗೆ ಎಚ್ಚರವಿರಲಿಲ್ಲ. ಅವತ್ತು ಎರಡನೇ ಶನಿವಾರ, ಬ್ಯಾಂಕಿಗೆ ರಜೆ. ಅವಳ ಖಾತೆಯಲ್ಲಿ 90 ಸಾವಿರ ಇತ್ತು, ಪಿನ್ ಮಾತ್ರ ಗೊತ್ತಿರಲಿಲ್ಲ. ಆಸ್ಪತ್ರೆಗೆ ಅಡ್ವಾನ್ಸ್ ಕಟ್ಟಲು ಬಳೆ ಅಡವಿಟ್ಟಳು. ನೆನೆದರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಈಗ ತಿಂಗಳ ಮೊದಲ ಭಾನುವಾರ ಇಬ್ಬರೂ ಒಂದು ನೋಟ್‌ಬುಕ್ ಹಿಡಿದು ಕೂರುತ್ತೇವೆ. ಎಲ್ಲಿ ಎಷ್ಟಿದೆ, ಯಾವ ಪಾಲಿಸಿ ಯಾವಾಗ ಮುಗಿಯುತ್ತದೆ, ಎಲ್ಲ ಅವಳ ಅಕ್ಷರದಲ್ಲೇ ಇದೆ. ನಿಮ್ಮ ಯಜಮಾನರಿಗೆ ನನ್ನ ಈ ಮಾತು ಓದಿಸಿ.
— ಓದುಗ, ಹುಬ್ಬಳ್ಳಿ

ಅಕ್ಕಾ, ಒಪ್ಪಿಗೆಗೆ ಕಾಯುತ್ತಾ ಕೂರಬೇಡಿ. ನಿಮ್ಮ ಖಾತೆ ನೀವು ನೋಡಲು ಯಾರ ಅಪ್ಪಣೆಯೂ ಬೇಡ. ಹಾಗೇ ಅವರ ಖಾತೆ, ಎಫ್‌ಡಿಗಳಿಗೆ ನಾಮಿನಿ ಯಾರು ಅಂತಲೂ ಕೇಳಿ. ನನ್ನ ಗಂಡ ಮದುವೆಗೆ ಮೊದಲು ಮಾಡಿಸಿದ್ದ ಎಫ್‌ಡಿಗೆ ಅವರ ಅಮ್ಮ ನಾಮಿನಿ ಆಗಿದ್ದರು, ಬದಲಾಯಿಸಿರಲೇ ಇಲ್ಲ. ಇಂಥದ್ದನ್ನು ಕೇಳಿದರೆ ಮನೆಯಲ್ಲಿ ‘ಬಿಡ್ತು ಅನ್ನು’ ಅನ್ನುತ್ತಿದ್ದರು, ನಾನೂ ಬಾಯಿ ಮುಚ್ಚಿಕೊಂಡೆ. ಗಂಡ ತೀರಿಕೊಂಡ ಮೇಲೆ ವಕೀಲರು ಹೇಳಿದಾಗಲೇ ಗೊತ್ತಾಗಿದ್ದು, ನಾಮಿನಿ ಅಂದರೆ ಹಣ ಪಡೆಯುವವರು ಅಷ್ಟೇ, ಅದರ ಮೇಲೆ ಹೆಂಡತಿ, ಮಕ್ಕಳು, ತಾಯಿ ಎಲ್ಲರಿಗೂ ಸಮಪಾಲು ಇದೆ ಅಂತ. ಪಾಲೇನೋ ಬಂತು, ಎರಡು ವರ್ಷ ಅಲೆದ ಮೇಲೆ. ಅತ್ತೆ ಜೊತೆ ಮಾತು ಮಾತ್ರ ನಿಂತೇಹೋಯಿತು.
— ಓದುಗಳು, ಶಿವಮೊಗ್ಗ

ನಮ್ಮಮ್ಮ ಶಾಲೆಗೆ ಹೋದವರಲ್ಲ. 2023ರಲ್ಲಿ ಗೃಹಲಕ್ಷ್ಮಿಯ 2,000 ರೂಪಾಯಿ ಬರಲು ಶುರುವಾದ ಮೇಲೆ ಎಂಟ್ರಿ ಹಾಕಿಸಲು ತಾವೇ ಬ್ಯಾಂಕಿಗೆ ಹೋಗುವುದನ್ನು ಕಲಿತರು. ಯಾವ ತಿಂಗಳ ಕಂತು ಬಂದಿಲ್ಲ ಅಂತ ನಮಗೇ ಹೇಳುತ್ತಾರೆ. ಮೇಡಂ, ಮಕ್ಕಳಿಗೆ ಬಡ್ಡಿ ಲೆಕ್ಕ ಹೇಳಿಕೊಡುವವರು ನೀವು, ನಿಮ್ಮ ಕೈಯಲ್ಲಿ ಖಂಡಿತ ಆಗುತ್ತದೆ. ಸೋಮವಾರವೇ ಹೋಗಿ. ಒಬ್ಬರೇ ಹೋಗಲು ಮುಜುಗರ ಅನ್ನಿಸಿದರೆ ಸ್ಟಾಫ್‌ರೂಮಿನಿಂದ ಇನ್ನೊಬ್ಬ ಟೀಚರನ್ನು ಕರೆದುಕೊಂಡು ಹೋಗಿ. ಅವರ ಕಾರ್ಡೂ ಯಾರ ಹತ್ತಿರ ಇದೆಯೋ, ಕೇಳಿ ನೋಡಿ.
— ಓದುಗಳು, ಮಂಡ್ಯ