ಸಹಾಯ ಬೇಕು: ಕಾವಲಿನ ಹುಲ್ಲು ಮತ್ತು ಮಳೆ ಲೆಕ್ಕ

ಎಲ್ಲರಿಗೂ ನಮಸ್ಕಾರ. ಎಂಎಸ್ಸಿ ಪ್ರಾಜೆಕ್ಟಿಗೆ ಚಳ್ಳಕೆರೆ ಕಡೆ ಅಮೃತಮಹಲ್ ಕಾವಲಿನ (ಅಮೃತಮಹಲ್ ತಳಿಯ ದನಗಳಿಗೆ ಮೀಸಲಾದ ಹುಲ್ಲುಗಾವಲು) ಹುಲ್ಲು ಅಳೆಯುತ್ತಿದ್ದೇನೆ. ಒಂದು ಮೀಟರ್ ಚೌಕಟ್ಟು ಇಟ್ಟು, ಕುಡುಗೋಲಿನಲ್ಲಿ ಬುಡಕ್ಕೆ ಕೊಯ್ದು, ಒಣಗಿಸಿ ತೂಗುವುದು, ಅಷ್ಟೇ ಕೆಲಸ (ಪ್ಯಾಂಟಿಗೆ ಚುಚ್ಚಿಕೊಂಡ ಹುಲ್ಲಿನ ಮುಳ್ಳು ಕೀಳುವುದೇ ಜಾಸ್ತಿ ಹೊತ್ತು). ಹುಲ್ಲಿನ ತೂಕವನ್ನು ವರ್ಷದ ಒಟ್ಟು ಮಳೆಗೆ ಹೋಲಿಸಿದರೆ ಲೆಕ್ಕ ಕೂಡುತ್ತಿಲ್ಲ. ಸುಮ್ನೆ ಹನಿದು ಹೋದ ಮಳೆ ಮೇಲ್ಮಣ್ಣಿನಿಂದಲೇ ಆವಿಯಾಗುತ್ತೆ, ಜೋರು ಮಳೆ ಬೇರಿಗೆ ಇಳಿಯುತ್ತೆ, ಅಲ್ವಾ? ಜೊತೆಗೆ ಹೋದ ವರ್ಷ ಬರ ಬಿದ್ದಿದ್ದರೆ ಬುಡಗಳೇ ಕಮ್ಮಿ, ಈ ಸಲ ಮಳೆ ಚೆನ್ನಾದರೂ ಹುಲ್ಲು ತಕ್ಷಣ ಏಳುವುದಿಲ್ಲ.

ಹಾಗಾಗಿ ಹೋಬಳಿವಾರು ದಿನದ ಮಳೆ ಲೆಕ್ಕ ಬೇಕು, ಹಳೇ ವರ್ಷಗಳದ್ದು. ಹೇಗೆ ಅರ್ಜಿ ಹಾಕಬೇಕು? ಇನ್ನೊಂದು, ಕುರಿ ನುಗ್ಗದಂತೆ ಕಡಿಮೆ ಖರ್ಚಿನ ಬೇಲಿ ಯಾವುದು? ಮುಳ್ಳುಕಂಟಿ ಹಾಕಿದ್ದೆ, ಯಾರೋ ಸೌದೆಗೆ ಒಯ್ದರು.